ಓಟಿಪಿ ಬಂತಾ ಮಾವ?

ಇವತ್ತು ಬೆಳಿಗ್ಗೆ ಒಂದು ಕರೆಂಟ್ ಬಿಲ್ ಕಟ್ಟಲು ಮೂರು ಓಟಿಪಿ ಬೇಕಾದವು. ನೆಟ್‌ವರ್ಕ್ ಸರಿಯಾಗೇ ಇತ್ತು. ಕೈಕೊಟ್ಟಿದ್ದು ಗಣಿತ.

ನಮ್ಮ ಮಾವ ರಿಟೈರ್ಡ್ ಗಣಿತ ಮೇಷ್ಟ್ರು. ಬಿಲ್ ಅವರ ಖಾತೆಯಿಂದ ಹೋಗುತ್ತದೆ, ಹಾಗಾಗಿ ಓಟಿಪಿ ಬರುವುದೂ ಅವರ ಮೊಬೈಲಿಗೇ. ನಾನು ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ, ಅವರು ಹಾಲ್‌ನಲ್ಲಿ ಪೇಪರ್ ಮುಂದೆ.

"ಮಾವ, ನಂಬರ್ ಬಂತಾ?"

"ಬಂತು... ಆಹಾ!"

ಈ 'ಆಹಾ' ಬಂತೆಂದರೆ ನನ್ನ ಕೆಲಸ ಕೆಟ್ಟಿತು ಅಂತಲೇ.

"ಮೂರಂಕಿ ಬಂದು, ಅದೇ ಮೂರಂಕಿ ಮತ್ತೆ ಬಂದಿದೆ ನೋಡಮ್ಮ!"

"ಯಾವ ಮೂರಂಕಿ ಮಾವ?"

"ಯಾವುದಾದರೇನಮ್ಮ? ಯಾವುದಿದ್ದರೂ ಹಾಗೇ! 7ರಿಂದ ಭಾಗಿಸು, ಆಮೇಲೆ 11ರಿಂದ, ಆಮೇಲೆ 13ರಿಂದ. ಕೊನೆಗೆ ಅದೇ ಮೂರಂಕಿ ಕೈಗೆ ಬರುತ್ತೆ. ಮೂರನ್ನೂ ಗುಣಿಸಿದರೆ 1001 ಅಲ್ವಾ?"

ಹೌದು ಅಂದೆ. ಅಷ್ಟಕ್ಕೆ ಬಿಡಲಿಲ್ಲ, ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಭಾಗಿಸಿಯೇ ತೋರಿಸಿದರು. 452452, 64636, 5876, 452. ಸರಿಯಾಗೇ ಬಂತು. ಓಟಿಪಿ ಮಾತ್ರ ಅಷ್ಟರಲ್ಲಿ ಸತ್ತುಹೋಗಿತ್ತು.

ಎರಡನೆಯದು ಬಂದಾಗ 'ಆಹಾ' ಇಲ್ಲ, ಮೌನ. ಅದು ಇನ್ನೂ ಅಪಾಯ.

"ಇದು ಅವಿಭಾಜ್ಯ ಇರೋ ಹಾಗಿದೆ, ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗ ಹೋಗದ್ದು, ತಡಿ. ಆರಂಕಿ ಅಂದರೆ 1000ದ ಒಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. 168 ಇವೆ, ಅಷ್ಟೇ."

ಅವರು 37ಕ್ಕೆ ಬರುವಷ್ಟರಲ್ಲಿ ಟೈಮ್ ಮುಗಿಯಿತು.

ನಾನು ಸಿಡುಕಿದೆ. ಅದಕ್ಕೆ ಅವರ ಉತ್ತರ ಯಾವಾಗಲೂ ಒಂದೇ, ಕೋಲ್ ಎಂಬ ಗಣಿತಜ್ಞನ ಕಥೆ. 147573952589676412927 ಅಂತ ಒಂದು ಸಂಖ್ಯೆ. 67 ಎರಡುಗಳನ್ನು ಒಂದಕ್ಕೊಂದು ಗುಣಿಸಿ ಒಂದು ಕಳೆದರೆ ಬರುತ್ತದಂತೆ. ಇದು ಅವಿಭಾಜ್ಯ ಎಂದು 1644ರಲ್ಲಿ ಫ್ರಾನ್ಸಿನ ಮರ್ಸೆನ್ ಎಂಬ ಪಂಡಿತ ಹೇಳಿದ್ದ. ಅಲ್ಲ ಎಂದು 1876ರಲ್ಲಿ ಲೂಕಾಸ್ ಎಂಬ ಗಣಿತಜ್ಞ ಸಾಧಿಸಿದ, ಆದರೆ ಯಾವುದರಿಂದ ಭಾಗ ಹೋಗುತ್ತೆ ಅಂತ ಗೊತ್ತಾಗಲಿಲ್ಲ. 1903ರಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಒಂದು ಸಭೆಯಲ್ಲಿ ಎದ್ದು, ಬೋರ್ಡಿನ ಮೇಲೆ 193707721ನ್ನು 761838257287ರಿಂದ ಗುಣಿಸಿ, ಅದೇ ಉತ್ತರ ಬರಿಸಿ ಹೋಗಿ ಕೂತನಂತೆ. ಒಂದೂ ಮಾತಾಡದೆ. ಎಷ್ಟು ಕಾಲ ಹಿಡಿಯಿತು ಅಂತ ಕೇಳಿದರೆ, ಮೂರು ವರ್ಷದ ಭಾನುವಾರಗಳು ಅಂದನಂತೆ.

ಆ ಭಾನುವಾರಗಳಲ್ಲಿ ಕೋಲ್ ಮನೆಗೆ ತರಕಾರಿ ತಂದವರು ಯಾರು ಅಂತ ನನಗೆ ಚಿಂತೆ. ಮತ್ತೆ, ಒಂದೂ ಮಾತಾಡದೆ ಅನ್ನೋದನ್ನು ಮಾವ ಪ್ರತಿ ಸಲ ಹತ್ತು ನಿಮಿಷ ವಿವರಿಸುತ್ತಾರೆ.

ಅತ್ತೆ ಇದ್ದಾಗ ಹಾಲಿನ ಲೆಕ್ಕ ಬರೆದು, "ರೀ, ಈ ತಿಂಗಳದ್ದು ಎಷ್ಟರಿಂದ ಭಾಗ ಹೋಗುತ್ತೆ?" ಅಂತ ತಾವೇ ಕೇಳುತ್ತಿದ್ದರು. ಈಗ ಹಾಲಿನವನಿಗೂ ಫೋನಿನಲ್ಲೇ ದುಡ್ಡು. ಚೀಟಿಯೂ ಇಲ್ಲ, ಕೇಳುವವರೂ ಇಲ್ಲ.

ಮೂರನೇ ಸಲ ಮೊಬೈಲನ್ನೇ ಎತ್ತಿಕೊಂಡು ಬಂದು ಬಿಲ್ ಕಟ್ಟಿದೆ. ಹಾಲ್‌ನಿಂದ ಸಣ್ಣ ದನಿ ಬಂತು.

"ರಸೀದಿ ನಂಬರ್ ಎಷ್ಟಂಕಿದಮ್ಮ?"

"ಹನ್ನೆರಡು."

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಪರ್ರನೆ ಕ್ಯಾಲೆಂಡರ್ ಹಾಳೆ ಹರಿದ ಸದ್ದು. ತಿಂಗಳು ಮುಗಿಯಲು ಇನ್ನೂ ಹತ್ತು ದಿನ ಇತ್ತು.