ಮೂಗಿಗಿಂತ ಮೂಗುತಿ ಭಾರ

ನನ್ನ ಮೇಜಿನ ಮೇಲೆ ಒಂದು ಮೂಗು ಕೂತಿದೆ. ಬರೀ ಮೂಗು. ಮೇಲೆ ಕಣ್ಣಿಲ್ಲ, ಕೆಳಗೆ ಬಾಯಿಲ್ಲ. ಮೈಕೆಲೇಂಜೆಲೊ ಕೆತ್ತಿದ ಡೇವಿಡ್‌ನ ಮೂಗಿನ ಪ್ಲಾಸ್ಟರ್ ಪ್ರತಿ ಅದು. ಮೂಲ ಶಿಲ್ಪದ ಎತ್ತರ 5.17 ಮೀಟರ್. ಹಾಗಾಗಿ ಮೂಗು ಒಂದೇ ನನ್ನ ಅಂಗೈ ತುಂಬುತ್ತದೆ. ಚಿತ್ರ ಕಲಿಯುವವರಿಗೆಂದು ಪಾಪ ಡೇವಿಡ್‌ನನ್ನು ಹೀಗೆ ಬಿಡಿಬಿಡಿಯಾಗಿ ಮಾರುತ್ತಾರೆ: ಕಣ್ಣು ಬೇರೆ, ಕಿವಿ ಬೇರೆ, ತುಟಿ ಬೇರೆ. ನಾನು ಮೂಗನ್ನೇ ಆರಿಸಿಕೊಂಡೆ. ಒಂದು ದಿಬ್ಬ, ಎರಡು ಹೊಳ್ಳೆ. ಸುಲಭ ಅಲ್ವಾ?

ಬಂದ ದಿನವೇ ಬಿಡಿಸಲು ಕೂರಬಹುದಿತ್ತು. ಆದರೆ ಸಾಮಾನು ಬೇಡವೇ? ಮೊದಲು ಪೆನ್ಸಿಲ್ ಡಬ್ಬಿ ಬಂತು. ಆಮೇಲೆ ಇದ್ದಿಲ ಕಡ್ಡಿಗಳು. ಆಮೇಲೆ ನಾಲ್ಕು ತರಹದ ಕಾಗದ, ಮೂರು ತರಹದ ರಬ್ಬರ್, ಕಾಗದವನ್ನೇ ಬಿಗಿಯಾಗಿ ಸುತ್ತಿ ಮಾಡಿದ ಉಜ್ಜುವ ಕಡ್ಡಿ, ಬ್ರಷ್ಷು, ಚರ್ಮದ ತುಂಡು. ಮೂಗಿಗಿಂತ ಮೂಗುತಿ ಭಾರ ಅನ್ನುವ ಗಾದೆ ಮೇಜಿನ ಮೇಲೆ ಹೀಗೆ ಅಕ್ಷರಶಃ ಹರಡಿಕೊಂಡಿದ್ದನ್ನು ಬೇರೆಲ್ಲೂ ಕಂಡಿಲ್ಲ. ಸಾಮಾನು ಕೊಳ್ಳುವುದರಲ್ಲಿ ಒಂದು ಸುಖ ಇದೆ. ಚಿತ್ರ ಬಿಡಿಸಿದಷ್ಟೇ ಸಮಾಧಾನ ಸಿಗುತ್ತದೆ, ತಪ್ಪಾಗುವ ಭಯ ಮಾತ್ರ ಇರುವುದಿಲ್ಲ.

ಮೊದಲು ಪೆನ್ಸಿಲ್ ಹಿಡಿದೆ. ನಾವೆಲ್ಲ ಚಿಕ್ಕಂದಿನಿಂದ ಹಿಡಿದದ್ದು ಅದನ್ನೇ ತಾನೇ. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ಉಪಾಯ ಫ್ರಾನ್ಸಿನ ಕೊಂಟೆ ಎಂಬಾತನದು. 1795ರಲ್ಲಿ ಆತ ಅದಕ್ಕೆ ಪೇಟೆಂಟ್ ಪಡೆದ. ಮಣ್ಣು ಜಾಸ್ತಿಯಾದರೆ ಗಡಸು, ಕಮ್ಮಿಯಾದರೆ ಮೆತ್ತಗೆ, ಕಪ್ಪಗೆ. ಗೆರೆಗೆ ಅದರಷ್ಟು ಚೂಪಾದದ್ದು ಇನ್ನೊಂದಿಲ್ಲ. ಆದರೆ ಹೊಳ್ಳೆಯೊಳಗಿನ ಕತ್ತಲೆ ಬೇಕಲ್ಲ! ತೀರಾ ಮೆತ್ತನೆಯ, ಕಪ್ಪನೆಯ 8ಬಿ ಪೆನ್ಸಿಲ್ ತಗೊಂಡು ಒತ್ತಿ ಒತ್ತಿ ತೀಡಿದೆ. ಒತ್ತಿದಷ್ಟೂ ಗ್ರಾಫೈಟ್ ಹೊಳೆಯುತ್ತದೆ. ದೀಪದ ಕಡೆ ಸ್ವಲ್ಪ ವಾಲಿಸಿ ನೋಡಿದರೆ ಚಿತ್ರದಲ್ಲಿ ಎಲ್ಲಕ್ಕಿಂತ ಬೆಳ್ಳಗೆ ಮಿಂಚುತ್ತಿದ್ದದ್ದು ಆ ಕತ್ತಲೆಯೇ.

ಹಾಗಾಗಿ ಇದ್ದಿಲು. ವಿಲ್ಲೋ ಮರದ ರೆಂಬೆಯನ್ನೋ ದ್ರಾಕ್ಷಿ ಬಳ್ಳಿಯನ್ನೋ ಗಾಳಿ ಆಡದಂತೆ ಸುಟ್ಟು ಮಾಡುವ ಕಡ್ಡಿ ಅದು. ಅಂಟು ಇಲ್ಲ, ಎಣ್ಣೆ ಇಲ್ಲ. ಕಾಗದದ ಮೇಲೆ ಸುಮ್ನೆ ಕೂತಿರುತ್ತದೆ, ಬಸ್ಸಿನಲ್ಲಿ ಸೀಟಿನ ಅಂಚಿಗೆ ಕೂತವರ ಹಾಗೆ. ಬಟ್ಟೆಯಿಂದ ಒಮ್ಮೆ ಬಡಿದರೆ ಎದ್ದು ಹೋಗುತ್ತದೆ. ಮೊದಲ ದಿನ ಇದು ನನಗೆ ದೊಡ್ಡ ದೋಷ ಅನ್ನಿಸಿತ್ತು. ಎರಡನೇ ದಿನ ಮೂಗು ಅರ್ಧ ಇಂಚು ಎಡಕ್ಕೆ ಹೋಗಿದೆ ಎಂದು ಗೊತ್ತಾದಾಗ ಅದರ ಬೆಲೆ ತಿಳಿಯಿತು. ಒತ್ತಿ ಗಟ್ಟಿ ಮಾಡಿದ ಕಾಂಪ್ರೆಸ್ಡ್ ಚಾರ್ಕೋಲ್ ಅಂತ ಇನ್ನೊಂದಿದೆ. ಅದರಲ್ಲಿ ಅಂಟು ಸೇರಿರುತ್ತದೆ, ಕಪ್ಪು ಅಂದರೆ ಕಪ್ಪು. ಒಮ್ಮೆ ಹಚ್ಚಿದರೆ ಮುಗಿಯಿತು, ಪೂರ್ತಿ ಹೋಗುವುದಿಲ್ಲ. ತಪ್ಪು ಮಾಡದವರು ಅದರಿಂದ ಶುರು ಮಾಡಬಹುದು. ನಾನು ಅದನ್ನು ಹೊಳ್ಳೆಗೆ ಅಂತ ಎತ್ತಿಟ್ಟಿದ್ದೇನೆ.

ರಬ್ಬರ್ ಬಗ್ಗೆ ಹೇಳದಿದ್ದರೆ ಅನ್ಯಾಯ. ಪೆನ್ಸಿಲ್ ಗುರುತನ್ನು ರಬ್ಬರ್ ಅಳಿಸುತ್ತದೆ ಎಂದು ಇಂಗ್ಲೆಂಡಿನ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಬರೆದದ್ದು 1770ರಲ್ಲಿ. ಅದಕ್ಕೂ ಮುಂಚೆ ಬ್ರೆಡ್ಡಿನ ಮೆತ್ತನೆ ತಿರುಳನ್ನು ಉಂಡೆ ಮಾಡಿ ಅದರಿಂದಲೇ ಅಳಿಸುತ್ತಿದ್ದರು. ಹಸಿದ ಶಿಷ್ಯರು ತಪ್ಪು ಕಮ್ಮಿ ಮಾಡುತ್ತಿದ್ದರೇನೋ. ಈಗಿನ ನಾದುವ ರಬ್ಬರ್ ಆ ಉಂಡೆಯ ಮೊಮ್ಮಗನ ಹಾಗಿದೆ. ಉಜ್ಜಬಾರದು, ಒತ್ತಿ ಎತ್ತಬೇಕು. ತುದಿಯನ್ನು ಚೂಪು ಮಾಡಿ ಮೂಗಿನ ತುದಿಯ ಜಾಗಕ್ಕೆ ಮುಟ್ಟಿಸಿದರೆ ಅಲ್ಲೊಂದು ಬೆಳಕಿನ ಚುಕ್ಕೆ ಮೂಡುತ್ತದೆ. ಇದು ಅಳಿಸುವ ಸಾಮಾನಲ್ಲ, ಬಿಳಿ ಪೆನ್ಸಿಲ್ ಎಂದೇ ನನ್ನ ವಾದ. ಕಾಗದ ಸುತ್ತಿದ ಆ ಉಜ್ಜುವ ಕಡ್ಡಿ ಮಾತ್ರ ನನಗೆ ಆಗಿಬರಲಿಲ್ಲ. ಅದು ಕೈಗೆ ಸಿಕ್ಕರೆ ನಿಲ್ಲಿಸಲು ಮನಸ್ಸಾಗುವುದಿಲ್ಲ. ಉಜ್ಜಿ ಉಜ್ಜಿ ಕಲ್ಲಿನಂಥ ಮೂಗು ಹೊಗೆಯಾಗಿಬಿಡುತ್ತದೆ. ಬೆರಳಲ್ಲಿ ತಿಕ್ಕಿದರೆ ಚರ್ಮದ ಜಿಡ್ಡು ಕಾಗದಕ್ಕೆ ಹತ್ತಿ ಕಲೆ ಉಳಿಯುತ್ತದೆ. ಒಣ ಬ್ರಷ್ಷೇ ವಾಸಿ.

ಕಾಗದ ನುಣ್ಣಗಿದ್ದರೆ ಇದ್ದಿಲಿಗೆ ಹಿಡಿತ ಸಿಗದೆ ಜಾರುತ್ತದೆ. ತೀರಾ ಒರಟಾದರೆ ತಗ್ಗುಗಳಲ್ಲಿ ಬಿಳಿ ಚುಕ್ಕೆ ಉಳಿದು ಮೂಗಿಗೆ ಸಿಡುಬು ಬಂದಂತೆ ಕಾಣುತ್ತದೆ. ಬೂದು ಬಣ್ಣದ ಕಾಗದದ ಮೇಲೆ ಬಿಳಿ ಸೀಮೆಸುಣ್ಣ ಹಚ್ಚುವ ಆಸೆ ಎಲ್ಲರಿಗೂ ಇರುತ್ತದೆ. ಇದ್ದಿಲಿಗೂ ಸೀಮೆಸುಣ್ಣಕ್ಕೂ ಮಾತ್ರ ಮಾತುಕತೆ ಆಗಬಾರದು. ಎರಡೂ ಬೆರೆತರೆ ನೀಲಿ ಛಾಯೆಯ ಬೂದಿಯಾಗುತ್ತದೆ. ನಡುವೆ ಕಾಗದವನ್ನು ಹಾಗೇ ಬಿಡಬೇಕು.

ಇಷ್ಟೆಲ್ಲ ಇದ್ದೂ ನನ್ನ ಮೂಗು ಸೊಟ್ಟಗೇ ಇತ್ತು. ಅದನ್ನು ನೆಟ್ಟಗೆ ಮಾಡಿದ್ದು ಅಂಗಡಿಯಿಂದ ತಂದ ಯಾವುದೂ ಅಲ್ಲ. ಒಂದು ದಾರ, ಅದರ ತುದಿಗೆ ಕಟ್ಟಿದ ಒಂದು ನಟ್ಟು. ಗಾರೆ ಕೆಲಸದವರು ಗೋಡೆ ನೋಡುತ್ತಾರಲ್ಲ, ಹಾಗೆ. ದಾರವನ್ನು ಕಣ್ಣೆದುರು ಇಳಿಬಿಟ್ಟರೆ ಹೊಳ್ಳೆಯ ಅಂಚು ಮೂಗಿನ ತುದಿಯಿಂದ ಎಷ್ಟು ಈಚೆ ಇದೆ ಎಂದು ತಕರಾರಿಲ್ಲದೆ ಹೇಳುತ್ತದೆ. ಜೊತೆಗೆ ಒಂದು ಸ್ವೆಟರ್ ಹೆಣೆಯುವ ಕಡ್ಡಿ. ತೋಳು ನೇರ ಚಾಚಿ, ಒಂದು ಕಣ್ಣು ಮುಚ್ಚಿ ಅದರ ಮೇಲೆ ಅಳತೆ ಹಿಡಿಯುವುದು. ಮೊಣಕೈ ಮಡಚಿದರೆ ಅಳತೆ ಸುಳ್ಳಾಗುತ್ತದೆ. ನಿಲ್ಲುವ ಜಾಗಕ್ಕೆ ನೆಲದ ಮೇಲೆ ಟೇಪು ಅಂಟಿಸಿದೆ. ಅಲ್ಲಿಂದ ಒಂದು ಹೆಜ್ಜೆ ಸರಿದರೂ ಬೇರೆಯೇ ಮೂಗು. ಕೊನೆಗೆ ಕನ್ನಡಿ. ಕೆಲಸವನ್ನು ಕನ್ನಡಿಯಲ್ಲಿ ತಿರುಗಿಸಿ ನೋಡಿ ಎಂದು ಲಿಯೊನಾರ್ಡೊ ಡ ವಿಂಚಿಯೂ ಚಿತ್ರಕಾರರಿಗೆ ಹೇಳಿದ್ದಾನೆ. ಎರಡು ದಿನದಿಂದ ನೋಡಿ ನೋಡಿ ಕಣ್ಣಿಗೆ ಒಗ್ಗಿಹೋಗಿದ್ದ ಸೊಟ್ಟು, ಕನ್ನಡಿಯಲ್ಲಿ ಎರಡು ಕ್ಷಣದಲ್ಲಿ ಸಿಕ್ಕಿಬಿತ್ತು.

ಇನ್ನು ಬೆಳಕು. ಒಂದೇ ಕಡೆಯಿಂದ, ಸ್ವಲ್ಪ ಮೇಲಿನಿಂದ ಬಿದ್ದರೆ ಸಾಕು. ಎರಡು ದೀಪ ಹಚ್ಚಿದರೆ ಎರಡು ನೆರಳು ಬಿದ್ದು ಜಗಳ ಶುರು. ಒಂದೇ ದೀಪದಡಿ ಪ್ಲಾಸ್ಟರ್ ತನ್ನ ಗುಣ ತೋರಿಸುತ್ತದೆ. ಜಿಪ್ಸಂ ಕಲ್ಲನ್ನು ಕಾಯಿಸಿ, ಅದರೊಳಗಿನ ನೀರಿನ ಮುಕ್ಕಾಲು ಪಾಲು ಹೊರಗೆ ಹಾಕಿದರೆ ಸಿಗುವ ಪುಡಿ ಅದು. ಮತ್ತೆ ನೀರು ಕಲಸಿದರೆ ಗಟ್ಟಿಯಾಗುತ್ತದೆ. ಮೈ ಬೆಳ್ಳಗೆ, ಹೊಳಪಿಲ್ಲ, ಬಣ್ಣವಿಲ್ಲ. ನಿಜವಾದ ಮೂಗಿನ ಕೆಂಪು, ಮಚ್ಚೆ, ಬೆವರು ಯಾವುದೂ ಇಲ್ಲದ್ದರಿಂದ ಕಪ್ಪಗೆ ಕಂಡದ್ದೆಲ್ಲ ನೆರಳೇ ಎಂದು ಕಣ್ಣು ಮುಚ್ಚಿ ನಂಬಬಹುದು. ಮೇಲಾಗಿ ಅದು ಸೀನುವುದಿಲ್ಲ.

ನಂಬಿ ಬಿಡಿಸುತ್ತಿದ್ದೆ. ಮೂರನೇ ದಿನ, ಹೊಳ್ಳೆ ಎಷ್ಟು ಆಳ ನೋಡೋಣ ಎಂದು ಇದ್ದಿಲ ಕೈಯಲ್ಲೇ ಮೂಗು ಹಿಡಿದುಬಿಟ್ಟೆ. ತುದಿಯ ಪಕ್ಕ ಒಂದು ಕಪ್ಪು ಹೆಬ್ಬೆಟ್ಟು. ಒರೆಸಿದೆ. ಪ್ಲಾಸ್ಟರ್‌ಗೆ ಮೈತುಂಬ ಸಣ್ಣ ಸಣ್ಣ ರಂಧ್ರ. ಒರೆಸಿದಷ್ಟೂ ಮಸಿ ಒಳಗಿಳಿಯಿತು. ಕಂಡದ್ದನ್ನು ಕಂಡಂತೆ ಬಿಡಿಸಬೇಕಲ್ಲ, ಅದನ್ನೂ ಬಿಡಿಸಿದೆ. ಇಡೀ ಚಿತ್ರದಲ್ಲಿ ಸರಿಯಾಗಿ ಬಂದದ್ದು ಅದೊಂದೇ. ನೋಡಿದವರೆಲ್ಲ ಅಲ್ಲಿಗೇ ಬೆರಳಿಟ್ಟು, “ಇಲ್ಲೊಂದು ನೆರಳು ತಪ್ಪಾಗಿದೆ” ಅಂದರು.