ಅನಂತದ ಕೊನೆಯ ಹಾಸಿಗೆ

ಅನಂತವು ವಾಸ್ತವವಾಗಿ ಇದೆಯೋ ಇಲ್ಲವೋ ಎಂಬ ಚರ್ಚೆಯನ್ನು ಜಾತ್ರೆ ಸುತ್ತಿ ದಣಿದು ಬಂದವರ ನಡುವೆ, ಅದೂ ನಡುರಾತ್ರಿಯಲ್ಲಿ, ಎತ್ತಬಾರದೆಂದು ಯಾವ ಸರ್ಕಾರವೂ ಕಾನೂನು ಮಾಡದ ಕಾರಣ ನನ್ನ ಬೆನ್ನು ಇನ್ನೂ ನೋಯುತ್ತಿದೆ.

ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ನಡೆಯುವಾಗ ಶಿರಸಿ ಸೀಮೆಯ ಮನೆಗಳಲ್ಲಿ ನೆಂಟರು ಹೇಗೆ ತುಂಬುತ್ತಾರೆಂಬುದು ನಿಮಗೆ ತಿಳಿದದ್ದೇ. ನನ್ನ ಸೋದರಮಾವ ನಿವೃತ್ತ ಗಣಿತದ ಮೇಷ್ಟರು. ಹೊಸಬರು ಬಂದಾಗಲೆಲ್ಲ ಅವರು ಜಗಲಿಯ ದೀಪ ಹಾಕಿ, “ಎಲ್ಲರೂ ಒಂದೊಂದು ಹಾಸಿಗೆ ಆಚೆ ಸರ್ಕಳಿ” ಎಂದು ಅಪ್ಪಣೆ ಕೊಡಿಸುತ್ತಾರೆ. ಇದು ಜರ್ಮನ್ ಗಣಿತಜ್ಞ ಹಿಲ್ಬರ್ಟನು 1924–25ರ ಉಪನ್ಯಾಸಗಳಲ್ಲಿ ಹೇಳಿದ ಹೋಟೆಲಿನ ಉಪಾಯ: ಅನಂತ ಕೋಣೆಗಳೂ ಭರ್ತಿಯಾಗಿದ್ದರೂ, ಒಂದನೆಯವನು ಎರಡಕ್ಕೆ, ಎರಡನೆಯವನು ಮೂರಕ್ಕೆ ಹೀಗೆ ಸರಿಯುತ್ತ ಹೋದರೆ ಮೊದಲನೆಯದು ತೆರವಾಗುತ್ತದೆ. ಅಲ್ಲಿ ಕೊನೆಯ ಕೋಣೆಯೆಂಬುದಿಲ್ಲ. ಮಾವನ ಜಗಲಿಯಲ್ಲಿ ಕೊನೆಯ ಹಾಸಿಗೆ ಇತ್ತು, ಅದರ ಮೇಲೆ ನಾನಿದ್ದೆ. ಮೊದಲ ಅಪ್ಪಣೆಗೆ ಕಂಬದ ಬುಡಕ್ಕೆ, ಮುಂದಿನದಕ್ಕೆ ಮೆಟ್ಟಿಲಿಗೆ, ಆಮೇಲೆ ಅಂಗಳಕ್ಕೆ ಬಂದೆ; ಅಲ್ಲಿ ಮಲಗಿದ್ದ ನಾಯಿ ನನ್ನನ್ನೊಮ್ಮೆ ನೋಡಿ, ಮಾವನ ಶಿಷ್ಯನಂತೆ ಮರುಮಾತಿಲ್ಲದೆ ಒಂದು ಸ್ಥಾನ ಆಚೆ ಸರಿಯಿತು.

ಭಾವ ಅರಿಸ್ಟಾಟಲನ ಪಕ್ಷ. ಎಣಿಕೆ ಮುಗಿಯದೆ ಸಾಗಬಹುದು, ಆದರೆ ಮುಗಿಯದ್ದೆಲ್ಲ ಒಟ್ಟಿಗೆ ಒಂದೆಡೆ ಇರಲಾರದು ಎಂದು ಅವನು ಕಂಬಳಿಯೊಳಗಿಂದಲೇ ವಾದಿಸಿದ. ಕೊನೆಯಿಲ್ಲದ ದಶಮಾಂಶ ಸಂಖ್ಯೆಗಳನ್ನೆಲ್ಲ 1, 2, 3 ಎಂದು ಸಾಗುವ ಅನಂತ ಪಟ್ಟಿಯಲ್ಲೂ ಹಿಡಿಸಲಾಗದೆಂದು ಗಣಿತಜ್ಞ ಕ್ಯಾಂಟರ್ 1891ರಲ್ಲಿ ಕರ್ಣರೇಖೆಯ ಯುಕ್ತಿಯಿಂದ ತೋರಿಸಿದ್ದಾನೆ, ಅಂದರೆ ಒಂದು ಅನಂತ ಇನ್ನೊಂದಕ್ಕಿಂತ ದೊಡ್ಡದು, ಇಲ್ಲದ ವಸ್ತುವಿನಲ್ಲಿ ದೊಡ್ಡದು ಚಿಕ್ಕದು ಎಲ್ಲಿಂದ ಬಂತು ಎಂದರು ಮಾವ. ವಾದವೇನೋ ಸೊಗಸಾಗಿತ್ತು, ಅದರಿಂದ ಹಾಸಿಗೆಯಂತೂ ಹುಟ್ಟಲಿಲ್ಲ. ಹೋಟೆಲಿನ ಯಜಮಾನ ಹಿಲ್ಬರ್ಟನೇ 1925ರಲ್ಲಿ, ಅನಂತವು ವಾಸ್ತವದಲ್ಲಿ ಎಲ್ಲೂ ಸಿಗದು ಎಂದು ಒಪ್ಪಿದ್ದನ್ನು ನಾನು ಅಂಗಳದಿಂದಲೇ ಕೂಗಿ ನೆನಪಿಸಿದೆ.

ಮಾವ ಭಾಸ್ಕರಾಚಾರ್ಯರ ಮೊರೆ ಹೊಕ್ಕರು. ಸೊನ್ನೆಯಿಂದ ಭಾಗಿಸಿ ಬಂದ ಖಹರ ರಾಶಿಗೆ ಎಷ್ಟು ಸೇರಿದರೂ, ಎಷ್ಟು ಕಳೆದರೂ, ಪ್ರಳಯ ಸೃಷ್ಟಿಗಳಲ್ಲಿ ಅಚ್ಯುತನಿರುವಂತೆ, ವ್ಯತ್ಯಾಸವಾಗದೆಂದು ಅವರು ಬರೆದಿದ್ದಾರಂತೆ. ಜಾತ್ರೆ ಮುಗಿದ ಮೇಲೆ ಆ ಮನೆಯಲ್ಲಿ ಉಳಿಯುವವರು ಮಾವ, ಅತ್ತೆ ಇಬ್ಬರೇ. ಮಕ್ಕಳು ಬೆಂಗಳೂರು ಸೇರಿದ್ದಾರೆ. ವ್ಯತ್ಯಾಸವಾಗದೆಂಬ ಮಾತನ್ನು ಅವರು ಎರಡು ಸಲ ಹೇಳಿದಾಗ ಯಾರೂ ಎದುರಾಡಲಿಲ್ಲ.

ಬೆಳಿಗ್ಗೆ ದೋಸೆಯ ಮುಂದೆ ಮಾವ ಮುಂದಿನ ಜಾತ್ರೆಯ ಯೋಜನೆ ಪ್ರಕಟಿಸಿದರು. ಅನಂತ ನೆಂಟರು ಒಟ್ಟಿಗೇ ಬಂದರೆ ಪ್ರತಿಯೊಬ್ಬನೂ ತನ್ನ ಸಂಖ್ಯೆಯ ಇಮ್ಮಡಿ ಹಾಸಿಗೆಗೆ ಹೋಗಬೇಕು, ಬೆಸ ಸಂಖ್ಯೆಗಳೆಲ್ಲ ತೆರವಾಗುತ್ತವೆ. ನನ್ನದು 14ನೆಯ ಹಾಸಿಗೆ. 28ನೆಯದು, ನಾನು ಅಳೆದು ನೋಡಿದಂತೆ, ಪಕ್ಕದವರ ಅಡಿಕೆ ತೋಟದಲ್ಲಿ ಬರುತ್ತದೆ.