ಏಳು ಪಾಯಿಂಟ್ ಒಂದು

ನಿನ್ನೆ ಬೆಳಿಗ್ಗೆ ಆರೂವರೆಗೆ ಎರಡು ಪ್ಯಾಕೆಟ್ ಹಾಲು, ಒಂದು ಕಟ್ಟು ಕೊತ್ತಂಬರಿ ಸೊಪ್ಪಿನ ಸಮೇತ ನಾನು ಕೆಸರಿಗೆ ಬಿದ್ದೆ. ಬಿದ್ದದ್ದಕ್ಕೆ ಬೇಸರವಿಲ್ಲ. ಅರವತ್ತೈದು ದಾಟಿದವನು ಬೆಂಗಳೂರಿನಲ್ಲಿ ನಡೆದಾಡುತ್ತಾನೆಂದರೆ ಬೀಳುವುದು ಇದ್ದದ್ದೇ. ಬಿದ್ದ ಮರುಕ್ಷಣ ಎರಡನೇ ಮಹಡಿಯ ಬಾಲ್ಕನಿಯಿಂದ "ಪೂರ್ತಿ ಒಂದು ಪಾಯಿಂಟ್ ಹೋಯಿತು ಅಜ್ಜ!" ಎಂಬ ಘೋಷಣೆ ಬಂತಲ್ಲ, ಅದು ಇನ್ನೂ ಉರಿಯುತ್ತಿದೆ. ತರಚಿದ ಮೊಣಕಾಲಿಗಿಂತ ಹೆಚ್ಚಾಗಿ.

ನಮ್ಮ ಬೀದಿಯ ಕಥೆ ನಿಮ್ಮ ಬೀದಿಯದೇ. ಪೈಪು ಹಾಕಲು ಫುಟ್‌ಪಾತ್ ಅಗೆದರು, ಪೈಪು ಹಾಕಿದರು, ಮಣ್ಣು ಮುಚ್ಚುವ ಹೊತ್ತಿಗೆ ಯಾರಿಗೋ ಕೇಬಲ್ ನೆನಪಾಯಿತು. ಈಗ ಒಂದು ಕಡೆ ಕೆಸರಿನ ಹಳ್ಳ, ಇನ್ನೊಂದು ಕಡೆ ಮೈಮೇಲೆ ಬರುವ ಸ್ಕೂಟರು. ನಡುವೆ ಉಳಿದದ್ದು ಅಂಚಿನ ಕಲ್ಲು. ಹಾಲಿಗೆ ಹೋಗುವವರೆಲ್ಲ ಅದರ ಮೇಲೆ ಒಬ್ಬರ ಹಿಂದೆ ಒಬ್ಬರು ಇರುವೆ ಸಾಲಿನಂತೆ ಸಾಗುತ್ತೇವೆ.

ಇದನ್ನು ಮೊಮ್ಮಗಳು ಬಾಲ್ಕನಿಯಿಂದ ನೋಡಿದಳು. ಅವಳು ಐದನೇ ತರಗತಿ. ಒಂದು ವರ್ಷದಿಂದ ಜಿಮ್ನಾಸ್ಟಿಕ್ಸ್ ಕಲಿಯುತ್ತಿದ್ದಾಳೆ. ಅವಳಿಗೆ ಬ್ಯಾಲೆನ್ಸ್ ಬೀಮ್ ಎಂದರೆ ಪ್ರಾಣ. ಅದೊಂದು ತೊಲೆ: ಐದು ಮೀಟರ್ ಉದ್ದ, ನೆಲದಿಂದ 125 ಸೆಂಟಿಮೀಟರ್ ಎತ್ತರ, ಅಗಲ ಮಾತ್ರ ಹತ್ತೇ ಸೆಂಟಿಮೀಟರ್. ಅದರ ಮೇಲೆ ಹುಡುಗಿಯರು ಹಾರುತ್ತಾರೆ, ತಿರುಗುತ್ತಾರೆ, ಹಿಂದಕ್ಕೆ ಪಲ್ಟಿ ಹೊಡೆಯುತ್ತಾರೆ, ಎಲ್ಲವೂ ತೊಂಬತ್ತು ಸೆಕೆಂಡಿನೊಳಗೆ. ಹಟಕ್ಕೆ ಬಿದ್ದು ನಮ್ಮ ಅಂಚಿನ ಕಲ್ಲನ್ನು ನಾನು ಟೇಪು ಹಿಡಿದು ಅಳೆದೆ. ಹದಿನೈದು ಬಂತು. "ನೋಡಿದೆಯಾ, ನಿನಗೆ ಐದು ಸೆಂಟಿಮೀಟರ್ ಹೆಚ್ಚೇ ಕೊಟ್ಟಿದ್ದಾರೆ!" ಎಂದಳು. ನಗರಾಡಳಿತದ ಪರವಾಗಿ ಮಾತನಾಡಿದ ಮೊದಲ ವ್ಯಕ್ತಿ ನನ್ನ ಮನೆಯಲ್ಲೇ ಹುಟ್ಟಬೇಕೇ!

ಅಂದಿನಿಂದ ಅವಳು ತೀರ್ಪುಗಾರ್ತಿ. ಬೆಳಿಗ್ಗೆ ಎಬ್ಬಿಸಿದರೆ ಏಳದವಳು ನನ್ನ ಚಪ್ಪಲಿಯ ಸದ್ದಿಗೆ ಎದ್ದು ಬಾಲ್ಕನಿಗೆ ಬರುತ್ತಾಳೆ. ಎದುರು ಬರುವವರಿಗೆ ದಾರಿ ಬಿಡಲು ನಾನು ನಿಂತರೆ ಮೇಲಿನಿಂದ ಎಣಿಕೆ ಶುರು. ಎರಡು ಸೆಕೆಂಡಿಗಿಂತ ಹೆಚ್ಚು ನಿಂತರೆ ಸೊನ್ನೆ ಪಾಯಿಂಟ್ ಒಂದು ಕಡಿತ. ಸ್ವಲ್ಪ ವಾಲಿದರೆ ಸೊನ್ನೆ ಪಾಯಿಂಟ್ ಒಂದು, ಗಾಳಿಪಟದಂತೆ ವಾಲಾಡಿದರೆ ಸೊನ್ನೆ ಪಾಯಿಂಟ್ ಮೂರು, ಇನ್ನೇನು ಬಿದ್ದೇ ಬಿಟ್ಟ ಎನ್ನುವಂತಾದರೆ ಸೊನ್ನೆ ಪಾಯಿಂಟ್ ಐದು. ನೆಟ್ಟಗಿರಬೇಕಾದ ಮಂಡಿ ಬಾಗಿದರೂ ಇದೇ ದರ. "ಸಂಧಿವಾತಕ್ಕೆ ರಿಯಾಯಿತಿ ಇಲ್ಲವೇನೇ?" ಎಂದು ಕೇಳಿದೆ. ಇಲ್ಲವಂತೆ.

ನಾನು 34 ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ಊರಿನವರ ಬಡ್ಡಿಯಲ್ಲಿ ತೆರಿಗೆ ಕಡಿದವನು. ಅವರೆಲ್ಲರ ಶಾಪ ಒಂದು ಪುಟ್ಟ ಹುಡುಗಿಯ ರೂಪ ತಾಳಿ ಬಂದಿದೆ.

ನಿನ್ನೆ ಆದದ್ದು ಇಷ್ಟು. ಮೂರು ಸಲ ನಿಂತೆ. ಒಂದು ನಾಯಿಗೆ, ಒಂದು ಪೇಪರ್ ಹುಡುಗನಿಗೆ, ಇನ್ನೊಂದು ಉಸಿರಿಗೆ. ಒಮ್ಮೆ ಚೆನ್ನಾಗಿಯೇ ವಾಲಿದೆ. ಮಂಡಿ ಪೂರ್ತಿ ಬಾಗಿತು. ವಿದ್ಯುತ್ ಕಂಬ ಹಿಡಿದೆ. ಕಂಬ ಬಿಟ್ಟೆ. ಬಿದ್ದೆ. ಹಾಲಿನ ಚೀಲವನ್ನು ಮಾತ್ರ ತಲೆಯ ಮೇಲೆ ಎತ್ತಿ ಹಿಡಿದಿದ್ದೆ, ಒಂದು ಹನಿ ಚೆಲ್ಲಲಿಲ್ಲ. ಸೊಪ್ಪು ಹೋಯಿತು. ಕೆಸರಿನಲ್ಲಿ ಕೂತಿರುವಾಗಲೇ "ಹತ್ತು ಸೆಕೆಂಡಿನೊಳಗೆ ಮತ್ತೆ ಬೀಮ್ ಹತ್ತಬೇಕು ಅಜ್ಜ! ಒಂದು, ಎರಡು..." ಎಂದು ಕೇಳಿಸಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಗಡಬಡಿಸಿ ಹತ್ತಿಬಿಟ್ಟೆ.

ಮನೆಗೆ ಬಂದು ಮಂಡಿಗೆ ಅರಿಸಿನ ಹಚ್ಚಿಸಿಕೊಳ್ಳುತ್ತಾ ವಾದಕ್ಕೆ ಕೂತೆ. ಅಂಕ ಕಡಿಯುವವರು ಕೂಡಲೂ ಬೇಕಲ್ಲ? ಕೂಡುತ್ತಾರೆ, ಕಸರತ್ತಿನ ಕಷ್ಟಕ್ಕೆ ಬೇರೆ ಅಂಕ ಇದೆ ಎಂದಳು. ಹಾಗಾದರೆ ಒಂದು ಲೀಟರ್ ಹಾಲು? ಪಟ್ಟಿಯಲ್ಲಿ ಇಲ್ಲ. ನಾಯಿ? ಇಲ್ಲ. ದೊಡ್ಡ ಸ್ಪರ್ಧೆಯಲ್ಲಿ ಹೊಸ ಕಸರತ್ತನ್ನು ಮೊದಲು ಮಾಡಿ ತೋರಿಸಿದವರ ಹೆಸರನ್ನೇ ಅದಕ್ಕೆ ಇಡುತ್ತಾರಂತೆ, ಆದರೆ ಬಿದ್ದರೆ ಇಲ್ಲ. ನಮ್ಮ ಬೀದಿಯಲ್ಲಿ ಬಿದ್ದವರಿಗೇ ಹೆಸರಿಡುವುದು.

"ಸಿಮೋನ್ ಬೈಲ್ಸ್ ಕೂಡ ಬಿದ್ದಳು ಅಜ್ಜ" ಎಂದು ಸಮಾಧಾನ ಹೇಳಿದಳು. ಬೈಲ್ಸ್ ಎಂದರೆ ಅಮೆರಿಕದ ಹೆಸರಾಂತ ಜಿಮ್ನಾಸ್ಟ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಬೀಮ್ ಫೈನಲ್ ಅದು. ಸಭಾಂಗಣದಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನವಿತ್ತು, ಆ ಮೌನವೇ ಕೆಡಿಸಿತು ಎಂದು ಆಟಗಾರ್ತಿಯರು ಗೊಣಗಿದರು, ಬೈಲ್ಸ್ ಐದನೆಯವಳಾದಳು. ಮೌನ ಸಾಕಾದವರು ನಮ್ಮ ಬೀದಿಗೆ ಬರಬಹುದು.

ಆಮೇಲೆ ಅವಳು ಹಾಲ್‌ನ ನೆಲಹಾಸಿನ ಗೆರೆಯ ಮೇಲೆ ನಡೆದು ತೋರಿಸಿದಳು. ಮೊದಲು ಬೆರಳು, ಆಮೇಲೆ ಹಿಮ್ಮಡಿ. ಬೆನ್ನು ನೇರ. "ಕಾಲು ನೋಡಬಾರದು ಅಜ್ಜ, ಬೀಮಿನ ತುದಿ ನೋಡಬೇಕು."

ನನಗೆ ಗಂಟಲು ಕಟ್ಟಿತು. ತೀರ್ಥಹಳ್ಳಿ ಕಡೆಯ ನಮ್ಮ ಮನೆಗೂ ಗದ್ದೆಗೂ ನಡುವೆ ಒಂದು ಹಳ್ಳ, ಹಳ್ಳಕ್ಕೆ ಎರಡು ಅಡಿಕೆ ಮರ ಜೋಡಿಸಿದ ಸಂಕ. ಆಷಾಢದಲ್ಲಿ ಅದರ ಮೇಲೆ ಪಾಚಿ, ಕೆಳಗೆ ಕೆಂಪು ನೀರು. ಅಮ್ಮ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು, ಸೀರೆ ಎತ್ತಿ ಕಟ್ಟಿ, ಕೈತಾಂಗಿಗೆಂದು ಕಟ್ಟಿದ್ದ ಬಿದಿರನ್ನು ಮುಟ್ಟದೆ ದಾಟುತ್ತಿದ್ದಳು. ಆಚೆ ನಿಂತು "ನೀರು ನೋಡಬೇಡ ಮಗ, ದಡ ನೋಡು" ಎನ್ನುತ್ತಿದ್ದಳು. ನಾನು ನೀರನ್ನೇ ನೋಡುತ್ತಾ, ಮರದ ಮೇಲೆ ಕುದುರೆ ಸವಾರಿ ಕೂತು, ತೆವಳಿಕೊಂಡು ದಾಟುತ್ತಿದ್ದೆ. ಅವಳು ಅಂಕ ಕಡಿದದ್ದು ನೆನಪಿಲ್ಲ. ನಾನು ದಾಟುವವರೆಗೆ ಹೊರೆ ಇಳಿಸದೆ ಕಾಯುತ್ತಿದ್ದಳು.

ರಾತ್ರಿ ಅಂಕಪಟ್ಟಿ ಬಂತು. ಹತ್ತಕ್ಕೆ 7.1. ಹಳೆಯ ಚಟ, ಲೆಕ್ಕ ತಾಳೆ ನೋಡಿದೆ. ನಿಂತದ್ದಕ್ಕೆ 0.3, ವಾಲಿದ್ದಕ್ಕೆ 0.3, ಮಂಡಿಗೆ 0.5, ಕಂಬಕ್ಕೆ 0.5, ಬಿದ್ದದ್ದಕ್ಕೆ 1. ಒಟ್ಟು 2.6. ಹತ್ತರಲ್ಲಿ ಕಳೆದರೆ 7.4 ಬರಬೇಕು! "ಮೂರು ಎಲ್ಲಿ ಹೋಯಿತು?" ಎಂದು ಗೆದ್ದವನ ಗತ್ತಿನಲ್ಲಿ ಕೇಳಿದೆ. "ಶುರು ಮಾಡುವ ಮೊದಲು ತೀರ್ಪುಗಾರರಿಗೆ ಕೈ ಎತ್ತಿ ವಂದಿಸಲಿಲ್ಲ. ಅದಕ್ಕೆ 0.3" ಎಂದಳು.

ಇವತ್ತು ಬೆಳಿಗ್ಗೆ ಕಲ್ಲು ಹತ್ತುವ ಮೊದಲು ಬಾಲ್ಕನಿಯತ್ತ ತಿರುಗಿ, ಬೆನ್ನು ನೇರ ಮಾಡಿ, ಚೀಲದ ಸಮೇತ ಎರಡೂ ಕೈ ಎತ್ತಿದೆ. ಮಳೆಯಲ್ಲಿ ಅರ್ಧ ಗಂಟೆ ಕೈ ಬೀಸಿದರೂ ನಿಲ್ಲದ ಆಟೋ ಒಂದು ಕಿರ್ರೆಂದು ಪಕ್ಕದಲ್ಲೇ ನಿಂತಿತು.

"ಎಲ್ಲಿಗೆ ಸಾರ್?"

ಏನು ಹೇಳಲಿ ಎಂದು ಯೋಚಿಸುತ್ತಿರುವಾಗಲೇ ಮೇಲಿನಿಂದ ದನಿ ಬಂತು: "ಅಜ್ಜ, ಎರಡು ಸೆಕೆಂಡ್ ಆಯಿತು!"